ಚಿಪ್ಪೆವಾ ಜನರ ನಡಿಗೆ ನಿಂತ ದ್ವೀಪ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ಅಂಚಿನಲ್ಲಿ ಬೇಫೀಲ್ಡ್ ಎಂಬ ಪುಟ್ಟ ಊರಿದೆ. ಅಲ್ಲಿ ಫೆರ್ರಿ ಹತ್ತಿದರೆ ಅರ್ಧ ಗಂಟೆಯೊಳಗೆ ಮ್ಯಾಡಲಿನ್ ದ್ವೀಪ ಸೇರಬಹುದು. ಸುಪೀರಿಯರ್ ಸರೋವರದ ಅಪಾಸಲ್ ದ್ವೀಪಸಮೂಹದಲ್ಲಿ ಇದೇ ದೊಡ್ಡದು. ಉದ್ದ ಸುಮಾರು 22 ಕಿ.ಮೀ. ಸರೋವರ ಚೆನ್ನಾಗಿ ಹೆಪ್ಪುಗಟ್ಟಿದ ವರ್ಷ ಬೇಫೀಲ್ಡಿನಿಂದ ಮಂಜುಗಡ್ಡೆಯ ಮೇಲೆಯೇ ಕಾರು ಓಡಿಸಿಕೊಂಡು ಬರುತ್ತಾರೆ. ಪ್ರವಾಸಿಗರಿಗೆ ಇದು ಬೇಸಿಗೆಯ ತಾಣ. ಚಿಪ್ಪೆವಾ ಅಥವಾ ಒಜಿಬ್ವೆ ಜನರಿಗೆ ಇದು ಹಿರಿಯರ ಬಹುಕಾಲದ ನಡಿಗೆ ಬಂದು ನಿಂತ ನೆಲ.

ಅವರ ಪರಂಪರೆಯ ಪ್ರಕಾರ ಮೂಲ ನೆಲೆ ಪೂರ್ವದ ಕಡಲ ತೀರ, ಸೇಂಟ್ ಲಾರೆನ್ಸ್ ನದಿಯ ಆಚೆ. ನೀರಿನ ಮೇಲೆ ಅನ್ನ ಬೆಳೆಯುವ ಜಾಗ ಸಿಗುವ ತನಕ ಪಡುವಣಕ್ಕೆ ಸಾಗಿರೆಂದು ಕಾಲಜ್ಞಾನ ಹೇಳಿತ್ತಂತೆ. ದಾರಿಯುದ್ದಕ್ಕೂ ನೀರಿನಿಂದ ಪವಿತ್ರ ಕವಡೆಯೊಂದು ಮೇಲೆದ್ದು ತೋರಿದಲ್ಲೆಲ್ಲ ತಂಗಿದರು. ಅಂಥ ಏಳು ತಂಗುದಾಣಗಳಲ್ಲಿ ಕೊನೆಯದು ಈ ದ್ವೀಪ. ಯಾರೂ ಒಂದೇ ದಿನ ಗಂಟುಮೂಟೆ ಕಟ್ಟಿ ಹೊರಟವರಲ್ಲ. ಇದು ತಲೆಮಾರುಗಳ ಪಯಣ. ನಡುವೆ, ಮಿಷಿಗನ್ ಮತ್ತು ಹ್ಯೂರಾನ್ ಸರೋವರಗಳು ಕೂಡುವ ಮ್ಯಾಕಿನಾ ಜಲಸಂಧಿಯ ಬಳಿ ಬಳಗ ಮೂರಾಯಿತು. ಒಡಾವಾಗಳು ಆ ಸುತ್ತಲೇ ಉಳಿದರು, ಪೊಟವಾಟಮಿಗಳು ದಕ್ಷಿಣಕ್ಕೆ ತಿರುಗಿದರು, ಒಜಿಬ್ವೆಗಳು ವಾಯುವ್ಯಕ್ಕೆ ಹೊರಟರು. ಬೇರೆಯಾದರೂ ಬಂಧ ಕಡಿಯಲಿಲ್ಲ. ಮೂರು ಬೆಂಕಿಗಳ ಒಕ್ಕೂಟವೆಂದೇ ಅವರು ಹೆಸರಾದರು.

ದ್ವೀಪದಲ್ಲಿ ಹುಟ್ಟಿದ ವಿಲಿಯಂ ವಾರೆನ್ ತಾಯಿಯ ಕಡೆಯಿಂದ ಒಜಿಬ್ವೆ. ಹಿರಿಯರನ್ನು ಕೇಳಿ ಕೇಳಿ ಜನಾಂಗದ ಚರಿತ್ರೆ ಬರೆದ ಆತ 1853ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡ. ಪುಸ್ತಕ ಅಚ್ಚಾದದ್ದು 1885ರಲ್ಲಿ. ಕೊಕ್ಕರೆ ಬೆಡಗಿನ, ಅಂದರೆ ಕೊಕ್ಕರೆ ಕುಲದ, ಮುಖಂಡನೊಬ್ಬ 1842ರಲ್ಲಿ ವಾರೆನ್ ಎದುರು ದುಂಡನೆಯ ತಾಮ್ರದ ತಟ್ಟೆಯೊಂದನ್ನು ಹೊರತೆಗೆದಿದ್ದ. ಸಾಮಾನ್ಯವಾಗಿ ಅದನ್ನು ಮಣ್ಣಿನಲ್ಲಿ ಹೂತಿಟ್ಟಿರುತ್ತಿದ್ದರು. ಅದರ ಮೇಲೆ ಎಂಟು ಆಳವಾದ ಗುರುತುಗಳು. ಈ ಸೀಮೆಗೆ ಬಂದಮೇಲೆ ಮಣ್ಣಾದ ಒಂದೊಂದು ತಲೆಮಾರಿಗೆ ಒಂದೊಂದು. ಅವುಗಳಲ್ಲೊಂದರ ಪಕ್ಕದಲ್ಲಿ ಟೋಪಿ ಹಾಕಿದ ಮನುಷ್ಯನ ಚಿತ್ರ: ಬಿಳಿಯರು ಮೊದಲು ಕಾಣಿಸಿಕೊಂಡ ಕಾಲ. ಬರಹವಿಲ್ಲದ ಜನರಿಗೆ ಚರಿತ್ರೆಯಿಲ್ಲ ಎನ್ನುವವರು ಈ ತಟ್ಟೆಯ ಬಗ್ಗೆ ಓದಬೇಕು.

ದ್ವೀಪದಿಂದ ಮತ್ತೆ ಕವಲುಗಳು ಹೊರಟವು. ತುಪ್ಪಳದ ವ್ಯಾಪಾರ ಬೆಳೆದಂತೆ, ನೆರೆಯ ಡಕೋಟಾ ಜನರೊಡನೆ ಕಾದಾಡುತ್ತ, ನೀರಿನಲ್ಲೇ ಬೆಳೆಯುವ ಕಾಡುಭತ್ತದ ಒಳನಾಡಿನ ಕೆರೆಗಳತ್ತ ಸಾಗಿದರು. ಲಾಕ್ ಡು ಫ್ಲಾಂಬೊ, ಮಿಲ್ ಲಾಕ್ಸ್, ಲೀಚ್ ಲೇಕ್, ಹೀಗೆ ಸರೋವರಕ್ಕೊಂದು ಪಂಗಡವಾಯಿತು. ಎಲ್ಲರನ್ನೂ ಆಳುವ ದೊರೆಯಿರಲಿಲ್ಲ. ಹಾಗಿದ್ದೂ ಜನ ಚೆದುರದಂತೆ ಹಿಡಿದಿಟ್ಟದ್ದು ಬೆಡಗು: ಕೊಕ್ಕರೆ, ಕರಡಿ, ಮೀನು ಮೊದಲಾದವು. ದೂರದ ಪಂಗಡದ ಅಪರಿಚಿತನೂ ಅದೇ ಬೆಡಗಿನವನಾದರೆ ಒಡಹುಟ್ಟಿದವನೇ. ಒಂದೇ ಬೆಡಗಿನೊಳಗೆ ಮದುವೆಯಿಲ್ಲ.

1850ರಲ್ಲಿ ಇವರನ್ನು ಪಶ್ಚಿಮಕ್ಕೆ ಎಬ್ಬಿಸಲು ಸರ್ಕಾರ ಹೂಡಿದ ಉಪಾಯ ಕ್ರೂರವಾದದ್ದು. ನೆಲ ಬಿಟ್ಟುಕೊಟ್ಟದ್ದಕ್ಕೆ ಸಲ್ಲಬೇಕಿದ್ದ ವಾರ್ಷಿಕ ಹಣ, ದವಸವನ್ನು ದೂರದ ಸ್ಯಾಂಡಿ ಲೇಕ್‌ನಲ್ಲಿ ಹಂಚುವುದಾಗಿ ಕರೆಸಿ, ಚಳಿಗಾಲ ಬರುವವರೆಗೆ ಕಾಯಿಸಿದರು. ಹಸಿವು, ರೋಗ, ಹಿಮದ ಮರುದಾರಿಯಲ್ಲಿ ಸುಮಾರು 400 ಮಂದಿ ಸತ್ತರು. 1852ರಲ್ಲಿ ತೊಂಬತ್ತು ದಾಟಿದ ಮುಖಂಡ ಬಫಲೋ ದೋಣಿಯಲ್ಲಿ ಹೊರಟು ವಾಷಿಂಗ್ಟನ್ ತಲುಪಿ, ಅಧ್ಯಕ್ಷ ಫಿಲ್ಮೋರ್‌ರನ್ನು ಕಂಡು ಒಕ್ಕಲೆಬ್ಬಿಸುವ ಆಜ್ಞೆಯನ್ನು ರದ್ದು ಮಾಡಿಸಿದ. 1854ರಲ್ಲಿ ಇದೇ ದ್ವೀಪದ ಲಾ ಪಾಯಿಂಟ್ ಊರಿನಲ್ಲಿ ಒಪ್ಪಂದವಾಗಿ ಬ್ಯಾಡ್ ರಿವರ್, ರೆಡ್ ಕ್ಲಿಫ್ ಮುಂತಾದ ಮೀಸಲು ನೆಲೆಗಳು ಸಿಕ್ಕವು. ಮರುವರ್ಷ ತೀರಿಕೊಂಡ ಬಫಲೋನ ಸಮಾಧಿ ಲಾ ಪಾಯಿಂಟ್‌ನಲ್ಲೇ ಇದೆ.

ದ್ವೀಪದ ಈಶಾನ್ಯ ತುದಿಯ ಸುಮಾರು 200 ಎಕರೆ ಮೀನುಗಾರಿಕೆಗೆಂದು ಬ್ಯಾಡ್ ರಿವರ್ ಪಂಗಡಕ್ಕೆ ಉಳಿಯಿತು. ಎದುರು ದಡದ ಕಕಾಗನ್ ಜೌಗಿನಲ್ಲಿ ಈಗಲೂ ಕಾಡುಭತ್ತ ಬೆಳೆಯುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಒಬ್ಬರು ಗಳು ಹಾಕಿ ದೋಣಿ ನಡೆಸಿದರೆ, ಇನ್ನೊಬ್ಬರು ಎರಡು ಕೋಲುಗಳಿಂದ ತೆನೆ ಬಾಗಿಸಿ ಕಾಳನ್ನು ದೋಣಿಯೊಳಕ್ಕೆ ಬಡಿಯುತ್ತಾರೆ. ಒಪ್ಪಂದಗಳಲ್ಲಿ ಬಿಟ್ಟುಕೊಟ್ಟ ಸೀಮೆಯಲ್ಲೂ ಬೇಟೆಯಾಡುವ, ಮೀನು ಹಿಡಿಯುವ, ಭತ್ತ ಕೊಯ್ಯುವ ಹಕ್ಕು ಇವರಿಗಿದೆಯೆಂದು 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು.