ಪರ್ಯಾಯ ವಿದ್ಯುತ್ಪ್ರವಾಹದ ಅಳತೆ ಮತ್ತು ಮಲಪ್ರಭಾ ಸೀಮೆಯ ನೀರಾವರಿ ಪಂಪುಗಳು

ಶಾಸನಗಳಲ್ಲಿ ಸುಗಂಧವರ್ತಿಯೆಂದು ಹೆಸರಾದ ಸವದತ್ತಿಯು ರಟ್ಟರ ರಾಜಧಾನಿಯಾಗಿತ್ತು. ಆ ಕಾಲದ ದಾನಶಾಸನಗಳು ಭೂಮಿಯ ವಿಸ್ತಾರವನ್ನು ಮತ್ತರುಗಳಲ್ಲಿ ಹೇಳುವವು. ಆದರೆ ಅಳೆಯುವ ಗಳೆಯ ಉದ್ದವು ಎಲ್ಲೆಡೆಯಲ್ಲಿಯೂ ಒಂದೇ ಆಗಿರಲಿಲ್ಲವಾದ್ದರಿಂದ, ಗಳೆ ಯಾವುದೆಂದು ತಿಳಿಯದ ಹೊರತು ಮತ್ತರಿನ ವಿಸ್ತಾರವನ್ನು ನಿಶ್ಚಯಿಸಲು ಬಾರದು. ಇಂದಿನ ದಾಖಲೆಗಳಲ್ಲಿ ಕಾಣುವ ವಿದ್ಯುತ್ತಿನ ಯುನಿಟ್ಟು ಎಲ್ಲ ಕಡೆಗೂ ಒಂದೇ ಇದ್ದರೂ, ಅದನ್ನು ಕಂಡುಕೊಂಡ ಬಗೆ ಒಂದೇ ಅಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಕೃಷಿಯ ಇತಿಹಾಸವನ್ನು ಮುಂದೆ ಬರೆಯುವವರು ಈ ಅಂಕಿಗಳನ್ನು ಆಧಾರವಾಗಿ ಹಿಡಿಯುವರು. ಆದ್ದರಿಂದ ಪ್ರವಾಹವನ್ನು ಅಳೆಯುವ ಕ್ರಮವನ್ನೂ, ಅಳೆಯದೆ ಊಹಿಸಿದ ಭಾಗವನ್ನೂ ಇಲ್ಲಿ ವಿಚಾರಿಸುವೆವು.

ನಮ್ಮ ದೇಶದಲ್ಲಿ ಪರ್ಯಾಯ ಪ್ರವಾಹವು ಸೆಕೆಂಡಿಗೆ 50 ಆವರ್ತನಗಳನ್ನು ಪೂರೈಸುವದು. ಒಂದೊಂದು ಆವರ್ತನದಲ್ಲಿ ಅರ್ಧಕಾಲ ಒಂದು ದಿಕ್ಕಿಗೂ ಉಳಿದರ್ಧ ಅದಕ್ಕೆ ವಿರುದ್ಧವಾಗಿಯೂ ಹರಿಯುವದರಿಂದ ಅದರ ಸರಾಸರಿ ಶೂನ್ಯವಾಗುವದು. ಆದರೂ ತಂತಿ ಕಾಯುವದು, ಮೋಟಾರು ತಿರುಗುವದು. ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವದು. ವರ್ಗಕ್ಕೆ ಋಣಚಿಹ್ನೆ ಇಲ್ಲ. ಕ್ಷಣಕ್ಷಣದ ಬೆಲೆಗಳನ್ನು ವರ್ಗಿಸಿ, ಆ ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲವನ್ನು ಕಂಡರೆ ಪ್ರವಾಹದ ನಿಜವಾದ ಬೆಲೆ ದೊರೆಯುವದು. 10 ಆಂಪಿಯರ್ ಎಂದು ಹೇಳುವ ಶುದ್ಧ ತರಂಗದ ಶಿಖರವು 14.1 ಆಂಪಿಯರ್ ಇರುವದು.

ಹಂಗೇರಿಯ ಒಟ್ಟೊ ಬ್ಲಾತಿ 1889ರಲ್ಲಿ ತೋರಿಸಿದ ಮೀಟರಿನ ಜಾತಿಯಲ್ಲಿ ಲೋಹದ ತಟ್ಟೆಯೊಂದು ತಿರುಗಿ ಬಳಕೆಯನ್ನು ಎಣಿಸುವದು. ಮೈಕ್ರೊಕಂಟ್ರೋಲರಿನಲ್ಲಿ ಆ ಕೆಲಸವನ್ನು ಗಣಿತವೇ ಮಾಡುವದು. ಗಣಿಸುವ ಅಂಗವನ್ನೂ ಸ್ಮೃತಿಯನ್ನೂ ಒಂದೇ ಚಿಪ್ಪಿನಲ್ಲಿ ಅಡಗಿಸಿದ ಸಾಧನವಿದು. ವಿದ್ಯಾರ್ಥಿಗಳಿಗೆ ಪರಿಚಿತವಾದ ಆರ್ಡುಯಿನೊ ಊನೊ ಫಲಕವು 0 ಯಿಂದ 5 ವೋಲ್ಟಿನವರೆಗಿನ ಒತ್ತಡವನ್ನು 1,024 ಮೆಟ್ಟಿಲುಗಳಾಗಿ ಎಣಿಸುವದು. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಋಣ ಒತ್ತಡವನ್ನು ಅದು ಓದಲಾರದು. ಆದ್ದರಿಂದ ಎರಡು ಸಮನಾದ ರೋಧಕಗಳಿಂದ 2.5 ವೋಲ್ಟಿನ ನಡುಮಟ್ಟವನ್ನು ಕಲ್ಪಿಸಿ, ತರಂಗವನ್ನು ಅದರ ಮೇಲೆ ನಿಲ್ಲಿಸಬೇಕು. ಓದಿದ ಅಂಕಿಯಿಂದ ಈ ನಡುಮಟ್ಟವನ್ನು ಕಳೆದು, ಆಮೇಲೆ ವರ್ಗಿಸಬೇಕು. ಸೆಕೆಂಡಿಗೆ 2,000 ಸಲ ಓದಿದರೆ ಪ್ರತಿ ಆವರ್ತನಕ್ಕೆ 40 ಬೆಲೆಗಳು ದೊರೆಯುವವು.

ಮೋಟಾರಿನ ಪ್ರವಾಹವನ್ನು ನೇರವಾಗಿ ಚಿಪ್ಪಿಗೆ ಕೊಡಲು ಬಾರದು. ಪಂಪಿನ ಒಂದೇ ಒಂದು ತಂತಿಯನ್ನು, 2,000 ಸುತ್ತು ಸುತ್ತಿದ ಉಂಗುರದೊಳಗಿಂದ ಹಾಯಿಸಿದರೆ, ಸುತ್ತಿನಲ್ಲಿ ಎರಡು ಸಾವಿರದಲ್ಲೊಂದು ಪಾಲು ಪ್ರವಾಹ ಹುಟ್ಟುವದು. 5 ಅಶ್ವಶಕ್ತಿಯ ಮೂರು ಫೇಜಿನ ಪಂಪು ಪೂರ್ಣಭಾರದಲ್ಲಿ ಪ್ರತಿ ಫೇಜಿಗೆ ಸುಮಾರು 7.5 ಆಂಪಿಯರ್ ಎಳೆಯುವದು. ಉಂಗುರದಿಂದ ಬರುವದು 3.75 ಮಿಲಿಆಂಪಿಯರ್, 33 ಓಮ್ ರೋಧಕದ ಮೇಲೆ ಅದು 0.124 ವೋಲ್ಟ್ ಆಗುವದು. ಶಿಖರಕ್ಕೆ ನಡುಮಟ್ಟದಿಂದ 36 ಮೆಟ್ಟಿಲುಗಳಷ್ಟೇ. 100 ಆಂಪಿಯರಿಗೆ ಹೊಂದಿಸಿದ ಈ ಸಾಧನವು ಚಿಕ್ಕ ಪಂಪಿಗೆ ಒರಟಾದ ಗಳೆ. ಅದೇ ತಂತಿಯನ್ನು ಉಂಗುರದೊಳಗೆ ಎರಡು ಸಲ ಹಾಯಿಸಿದರೆ ಸೂಕ್ಷ್ಮತೆ ಇಮ್ಮಡಿಸುವದು. ಇನ್ನೂ ಹೆಚ್ಚು ಸಲ ಹಾಯಿಸಿದರೆ, ಮೋಟಾರು ಹೊರಡುವಾಗ ಎಳೆಯುವ ಐದಾರು ಪಟ್ಟು ಪ್ರವಾಹವು ಅಳತೆಯ ಮೇರೆಯನ್ನು ಮೀರುವದು. ಪ್ರವಾಹ ಹರಿಯುತ್ತಿರುವಾಗ ಉಂಗುರದ ಸುತ್ತಿನ ತುದಿಗಳನ್ನು ಬಿಚ್ಚಿಡಲಾಗದು; ಅಲ್ಲಿ ಅಪಾಯಕರ ಒತ್ತಡ ಹುಟ್ಟಬಹುದು.

ಆಂಪಿಯರುಗಳೇ ಯುನಿಟ್ಟುಗಳಲ್ಲ. ಮೋಟಾರಿನಲ್ಲಿ ಪ್ರವಾಹವು ಒತ್ತಡಕ್ಕಿಂತ ಹಿಂದೆ ಬೀಳುವದು. 230 ವೋಲ್ಟ್, 7.5 ಆಂಪಿಯರುಗಳ ಗುಣಾಕಾರ 1,725 ಆದರೂ, ಶಕ್ತಿಗುಣಕವು 0.8 ಇದ್ದರೆ ಆ ಫೇಜಿನ ನಿಜವಾದ ಶಕ್ತಿ 1,380 ವ್ಯಾಟ್ ಮಾತ್ರ. ಒತ್ತಡವನ್ನೂ ಅದೇ ಕ್ಷಣಗಳಲ್ಲಿ ಓದಿ, ಗುಣಿಸಿ, ಕೂಡಿಸಿದರೆ ಮಾತ್ರ ನಿಜವಾದ ಬಳಕೆ ತಿಳಿಯುವದು.

ಇನ್ನು ದಾಖಲೆಗಳ ಮಾತು. ಈ ತಾಲೂಕುಗಳಿಗೆ ವಿದ್ಯುತ್ತನ್ನು ಪೂರೈಸುವದು 2002ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ. 2003ರ ವಿದ್ಯುತ್ ಕಾಯಿದೆಯ 55ನೆಯ ಕಲಮು, ಎರಡು ವರ್ಷಗಳ ತರುವಾಯ ಸರಿಯಾದ ಮೀಟರಿಲ್ಲದೆ ಪೂರೈಕೆ ಸಲ್ಲದೆಂದು ವಿಧಿಸಿ, ಆ ಅವಧಿಯನ್ನು ಬೆಳೆಸುವ ಅಧಿಕಾರವನ್ನು ರಾಜ್ಯ ಆಯೋಗಕ್ಕೆ ಕೊಟ್ಟಿತು. 2008ರಿಂದ ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾಯಿತು. ಪಂಪಿಗೊಂದು ಮೀಟರು ಇಲ್ಲದಲ್ಲಿ, ಮಾರ್ಗಕ್ಕೆ ಬಿಟ್ಟ ಒಟ್ಟು ಯುನಿಟ್ಟುಗಳಿಂದ ಮೀಟರುಳ್ಳವರ ಬಳಕೆಯನ್ನು ಕಳೆದಾಗ ಉಳಿಯುವದು ಪಂಪುಗಳ ಬಳಕೆ ಮತ್ತು ಮಾರ್ಗದ ನಷ್ಟ ಇವೆರಡರ ಮೊತ್ತ. ಇದನ್ನು ಹಂಚುವದು ಅಂದಾಜಿನಿಂದಲೇ. ಪಂಪುಗಳ ಪಾಲನ್ನು ಹೆಚ್ಚಾಗಿ ಎಣಿಸಿದರೆ ನಷ್ಟವೂ ಕಳವೂ ಕಡಿಮೆಯಾಗಿ ತೋರುವವು. ರೈತನು ಎತ್ತದ ನೀರು ಅವನ ಹೆಸರಿಗೆ ಬರೆಯಲ್ಪಡುವದು. ಸರಕಾರವು ಕೊಡುವ ಸಹಾಯಧನವೂ ಬೆಳೆಯುವದು. ಕಡಿಮೆಯಾಗಿ ಎಣಿಸಿದರೆ ಅಂತರ್ಜಲದ ಬಳಕೆ ಮರೆಯಾಗುವದು.

ಆದ್ದರಿಂದ ಈ ಸೀಮೆಯ ನೀರಾವರಿಯ ಅಂಕಿಗಳನ್ನು ಉದ್ಧರಿಸುವವರು, ಅಂಕಿಯು ಪಂಪಿನ ಮೀಟರಿನದೋ, ಟ್ರಾನ್ಸ್‌ಫಾರ್ಮರಿನದೋ, ಕೇವಲ ಅಂದಾಜೋ ಎಂಬದನ್ನು ಜೊತೆಗೇ ಬರೆಯುವದು ಅವಶ್ಯ. ನಮ್ಮ ಕಾಲೇಜುಗಳ ಭೌತಶಾಸ್ತ್ರ ಹಾಗೂ ಇತಿಹಾಸ ವಿಭಾಗಗಳು ಕೂಡಿ, ರೈತರ ಒಪ್ಪಿಗೆಯಿಂದ, ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರ ನೆರವಿನಿಂದ, ಕೆಲವು ಪಂಪುಗಳ ಬಳಕೆಯನ್ನು ಒಂದು ಹಂಗಾಮಿನ ಮಟ್ಟಿಗಾದರೂ ಅಳೆದಿಡಬಹುದು. ಅಂಥ ದಾಖಲೆಯಲ್ಲಿ ಉಂಗುರದ ಸುತ್ತು, ರೋಧಕದ ಬೆಲೆ, ಓದುವ ವೇಗ, ಪಂಪಿನ ಅಶ್ವಶಕ್ತಿ, ಬೆಳೆ ಮತ್ತು ದಿನಾಂಕಗಳೂ ಇರಬೇಕು.