ಗೊರೂರಿನ ಆಂಬುಲೆನ್ಸ್, ಹಾಸನದ ಕ್ಯಾಶುವಾಲ್ಟಿ

ಹೇಮಾವತಿ ಜಲಾಶಯದಿಂದಲೂ ಗೊರೂರು ರಾಮಸ್ವಾಮಿ ಅಯ್ಯಂಗಾರರಿಂದಲೂ ನಾಡಿಗೆ ಪರಿಚಿತವಾದ ಗೊರೂರು, ಜಿಲ್ಲಾ ಕೇಂದ್ರವಾದ ಹಾಸನದಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿದ್ದು, ಈ ಸೀಮೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಗದ್ದೆಯಲ್ಲಿ ಹಾವು ಕಚ್ಚಿದರೆ, ತಿರುವಿನಲ್ಲಿ ಬೈಕು ಉರುಳಿದರೆ ಮನೆಯವರ ಬಾಯಿಗೆ ಮೊದಲು ಬರುವುದು ಹಾಸನದ ದೊಡ್ಡಾಸ್ಪತ್ರೆಯ ಹೆಸರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿದ್ದರೂ, ಅಲ್ಲಿಂದ ‘ರೆಫರ್’ ಆದವರೂ ನೇರವಾಗಿ ಹೊರಟವರೂ ಕೊನೆಗೆ ಒಂದೆಡೆ ಸೇರುವುದು ಜನ ಕ್ಯಾಶುವಾಲ್ಟಿ ಎಂದು ಕರೆಯುವ ಅಲ್ಲಿನ ತುರ್ತು ಚಿಕಿತ್ಸಾ ವಿಭಾಗದಲ್ಲಿ.

ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಎಂಬ ಹಳೆಯ ಹೆಸರನ್ನು ಉಳಿಸಿಕೊಂಡಿರುವ ಈ ಜಿಲ್ಲಾ ಆಸ್ಪತ್ರೆಯು 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಹಿಮ್ಸ್‌ನ ಬೋಧನಾ ಆಸ್ಪತ್ರೆಯಾಗಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ, ಇದರ ಜೊತೆಗೆ ಶಿರಾಡಿ ಘಾಟಿಯತ್ತ ಸಾಗುವ ಬೆಂಗಳೂರು–ಮಂಗಳೂರು ಹೆದ್ದಾರಿಯ ಗಾಯಾಳುಗಳ ಹೊಣೆಯೂ ಇದೆ.

ಇಂಥ ವಿಭಾಗವನ್ನು ಅರಿಯಲು ಟ್ರಾಲಿ ತಳ್ಳುವ ನೌಕರನ ಕೆಲಸವನ್ನು ಗಮನಿಸಿದರೆ ಸಾಕು. ಆಂಬುಲೆನ್ಸ್ ಬಂದು ನಿಂತೊಡನೆ ರೋಗಿಯನ್ನು ಅದರ ಸ್ಟ್ರೆಚರಿನಿಂದ ಆಸ್ಪತ್ರೆಯ ಟ್ರಾಲಿಗೆ ಎತ್ತಿ ಮಲಗಿಸಿ, ಡ್ರಿಪ್ ಬಾಟಲಿಯನ್ನು ಸಂಬಂಧಿಕರೊಬ್ಬರ ಕೈಗೆ ಕೊಟ್ಟು, ಆಮ್ಲಜನಕದ ಸಿಲಿಂಡರನ್ನು ಕಾಲ ಬಳಿ ಇರಿಸಿ, ಓಪಿ ಚೀಟಿಗೆ ಹೋದವರು ಬರುವುದರೊಳಗೆ ಒಳಗೆ ತಲುಪಿಸುವವನು ಅವನೇ. ಇಸಿಜಿ, ಎಕ್ಸ್‌ರೇ, ಸ್ಕ್ಯಾನಿಂಗ್ ಕೋಣೆಗಳಿಗೆ ಕರೆದೊಯ್ಯುವವನೂ, ಗಾಬರಿಗೊಂಡ ಮನೆಯವರಿಗೆ ದಾರಿ ತೋರಿ ಸಮಾಧಾನ ಹೇಳುವವನೂ ಅವನೇ. ಯಾವ ಗೌರವಫಲಕದಲ್ಲೂ ಹೆಸರಿರದ ಈ ನೌಕರರ ಸಂಖ್ಯೆಯನ್ನು ಹೆಚ್ಚಿಸುವುದು ಹೊಸ ಯಂತ್ರ ತರಿಸುವಷ್ಟೇ ಅಗತ್ಯವೆಂಬುದನ್ನು ಆಡಳಿತಗಳು ಮನಗಾಣಬೇಕು. ಒಳಗೆ ಖಾಲಿ ಹಾಸಿಗೆಯಿಲ್ಲದೆ ರೋಗಿ ಟ್ರಾಲಿಯ ಮೇಲೆಯೇ ಉಳಿದರೆ ಮುಂದೆ ಬರುವವರಿಗೆ ಟ್ರಾಲಿ ಸಿಗುವುದಿಲ್ಲ. ಟ್ರಾಲಿ ಸಿಗದೆ ಸ್ಟ್ರೆಚರ್ ತೆರವಾಗದಿದ್ದರೆ, 2008ರಿಂದ ರಾಜ್ಯದಲ್ಲಿ ಸೇವೆಯಲ್ಲಿರುವ 108 ಆಂಬುಲೆನ್ಸ್ ಹಿಂದಿರುಗಲಾಗದೆ ಬಾಗಿಲಲ್ಲೇ ನಿಲ್ಲುತ್ತದೆ, ಅಷ್ಟು ಹೊತ್ತು ಗೊರೂರಿನ ಕರೆಗೆ ಹೊರಡಬೇಕಾದ ಗಾಡಿಯೊಂದು ಕಡಿಮೆಯಾಗುತ್ತದೆ.

ದಟ್ಟಣೆಗೆ ಕೆಮ್ಮು–ಜ್ವರದವರು ನುಗ್ಗುವುದೇ ಕಾರಣವೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆಯಾದರೂ, ತುರ್ತು ಚಿಕಿತ್ಸಾ ತಜ್ಞರು ಜಗತ್ತಿನೆಲ್ಲೆಡೆ ಬೊಟ್ಟು ಮಾಡುವುದು ಹೊರಹರಿವಿನ ತಡೆಯತ್ತ: ದಾಖಲಾಗಬೇಕಾದ ರೋಗಿಗೆ ವಾರ್ಡಿನಲ್ಲಿ ಜಾಗವಿಲ್ಲದೆ, ಅವನು ಕ್ಯಾಶುವಾಲ್ಟಿಯಲ್ಲೇ ಗಂಟೆಗಟ್ಟಲೆ ಉಳಿಯುವ ಸ್ಥಿತಿಯದು. ಆದ್ದರಿಂದ ಟ್ರಯಾಜ್, ಅಂದರೆ ಬಂದವರನ್ನು ಸರದಿಯಂತೆ ನೋಡದೆ ಜೀವಾಪಾಯದ ಮಟ್ಟಕ್ಕನುಗುಣವಾಗಿ ಕೆಂಪು, ಹಳದಿ, ಹಸಿರು ಗುಂಪುಗಳಾಗಿ ವಿಂಗಡಿಸುವ ಕ್ರಮ, ಅತ್ಯವಶ್ಯವಾದರೂ ಅದೊಂದೇ ಸಾಲದು. ವಾರ್ಡಿನಿಂದ ಬಿಡುಗಡೆಯಾಗುವವರ ಡಿಸ್ಚಾರ್ಜ್ ಚೀಟಿ ಬೆಳಗಿನ ರೌಂಡ್ಸ್ ಮುಗಿದೊಡನೆ ಸಿದ್ಧವಾದರೆ ಮಾತ್ರ ಹಾಸಿಗೆ ಬೇಗ ತೆರವಾಗುತ್ತದೆ.

ಭಯವೂ ದಟ್ಟಣೆಯನ್ನು ಹೇಗೆ ಹೆಚ್ಚಿಸಬಲ್ಲದು ಎಂಬುದನ್ನು 2025 ತೋರಿಸಿಕೊಟ್ಟಿತು. ಆ ವರ್ಷದ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನನಿತ್ಯದ ಸುದ್ದಿಯಾದಾಗ, ಯಾವ ತೊಂದರೆಯೂ ಇಲ್ಲದವರೂ ಸೇರಿದಂತೆ ಜನರು ತಪಾಸಣೆಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯವರೆಗೂ ಹೋಗಿ ಸಾಲುಗಟ್ಟಿದರು. ಸರ್ಕಾರ ನೇಮಿಸಿದ, ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯು ಅಸಹಜ ಏರಿಕೆಯೇನೂ ಕಂಡುಬಂದಿಲ್ಲವೆಂದು ಹೇಳಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಪರಿಚಿತ ಕಾರಣಗಳತ್ತಲೇ ಗಮನ ಸೆಳೆಯಿತು. ಊರಿನಲ್ಲೇ ಮಾಡಿಸಬಹುದಾದ ರಕ್ತದೊತ್ತಡದ ಪರೀಕ್ಷೆ ಮತ್ತು ಇಸಿಜಿಯ ಮೇಲೆ ಜನರಿಗೆ ಭರವಸೆಯಿದ್ದಿದ್ದರೆ ಆ ಸಾಲುಗಳು ಅಷ್ಟು ಉದ್ದವಾಗುತ್ತಿರಲಿಲ್ಲ.

ಇದಕ್ಕೆ ಬೇಕಾದ ವ್ಯವಸ್ಥೆಯ ಬುನಾದಿ ಈಗಾಗಲೇ ಇದೆ. ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ರೂಪಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರ ಕೇಂದ್ರಕ್ಕೆ ಕಳುಹಿಸಿ, ತೀವ್ರ ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ನೀಡಲಾಗುತ್ತದೆ. ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ನಶಿಸುವ ಈ ಕಾಯಿಲೆಯಲ್ಲಿ ಗೊರೂರಿನವರಿಗೆ ಅರಕಲಗೂಡಿನ ಆಸ್ಪತ್ರೆ ಸಮೀಪವಿರುವಾಗ, ಅದನ್ನು ಬಿಟ್ಟು ದೂರ ಹೋಗುವುದು ರೋಗಿಗೂ ನಷ್ಟ, ಹಾಸನಕ್ಕೂ ಹೊರೆ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಆದರೆ ರಾತ್ರಿ ಹನ್ನೊಂದಕ್ಕೆ ಹೋದರೂ ಡ್ಯೂಟಿ ಡಾಕ್ಟರು ಇರುತ್ತಾರೆ, ಔಷಧ ಇರುತ್ತದೆ ಎಂಬ ನಂಬಿಕೆ ಹುಟ್ಟದೆ ಜನ ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಆಟೋ ನಿಲ್ಲಿಸುವುದಿಲ್ಲ. ಆ ನಂಬಿಕೆಯನ್ನು ಬೆಳೆಸುವುದು ಸರ್ಕಾರದ ಕೆಲಸವೇ ಹೊರತು ಜನರನ್ನು ದೂರುವುದಲ್ಲ. ಹಾಸನದ ಕ್ಯಾಶುವಾಲ್ಟಿಗೆ ಇನ್ನಷ್ಟು ಕೋಣೆಗಳನ್ನು ಸೇರಿಸುವ ಮುನ್ನ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ರಾತ್ರಿ ಪಾಳಿಗೆ ವೈದ್ಯರನ್ನು ಖಾಯಂ ಆಗಿ ನೇಮಿಸಬೇಕು, ಏಕೆಂದರೆ ಅಲ್ಲಿ ಬಗೆಹರಿದ ಪ್ರತಿಯೊಂದು ತುರ್ತು ಕರೆಯೂ ಹಾಸನದಲ್ಲಿ ಒಂದು ಟ್ರಾಲಿಯನ್ನು ಬಿಡಿಸಿಕೊಡುತ್ತದೆ.