ಓಡುವ ಬೆಳಕಿಗೆ ಬ್ಲಾಕ್ ಕೋಡ್

ರಬಕವಿ-ಬನಹಟ್ಟಿಯ ನೇಕಾರರಿಗೆ ಜಕಾರ್ಡ್ ಮಗ್ಗ ಹೊಸದಲ್ಲ. ರಟ್ಟಿನಲ್ಲಿ ತೂತಿದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಆ ಕ್ರಮವೇ ಸೀರೆಯ ಚಿತ್ತಾರ. ಎಲ್‌ಇಡಿ ಸಾಲನ್ನು ಮಿನುಗಿಸುವ ಪ್ರೋಗ್ರಾಂ ಕೂಡ ಹೀಗೆಯೇ.

ಬೇಕಾದದ್ದು ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು, ಮೂರು ಎಲ್‌ಇಡಿ, ಪ್ರತಿಯೊಂದಕ್ಕೂ 220 ಓಮ್ ರೆಸಿಸ್ಟರ್. ರೆಸಿಸ್ಟರ್ ಬಿಟ್ಟರೆ ಕರೆಂಟು ಹೆಚ್ಚಾಗಿ ಎಲ್‌ಇಡಿ ಸುಡಬಹುದು. ಕಂಪ್ಯೂಟರ್ ಪರದೆಯ ಮೇಲೆ ಆಜ್ಞೆಗಳಿರುವ ಬಣ್ಣದ ಬ್ಲಾಕ್‌ಗಳನ್ನು ಒಂದರ ಕೆಳಗೊಂದು ಜೋಡಿಸಬೇಕು: ಮೊದಲ ಎಲ್‌ಇಡಿಯ ಪಿನ್ ಆನ್, ಅರ್ಧ ಸೆಕೆಂಡ್ ಕಾಯಿ, ಆಫ್, ಆಮೇಲೆ ಎರಡನೆಯದು, ಮೂರನೆಯದು. ಇಡೀ ಸಾಲನ್ನು 'ಸದಾ' ಬ್ಲಾಕಿನೊಳಗಿಟ್ಟರೆ ಬೆಳಕು ಓಡುತ್ತಲೇ ಇರುತ್ತದೆ. 'ಕಾಯಿ' ಮರೆತರೆ? ಮೂರೂ ಮಂದವಾಗಿ ಒಟ್ಟಿಗೇ ಉರಿದಂತೆ ಕಾಣುತ್ತವೆ. ಬೋರ್ಡಿನ ಚಿಪ್‌ನ ವೇಗ ಮಕ್ಕಳಿಗೆ ಮನದಟ್ಟಾಗುವುದು ಆಗಲೇ.

2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 6ರಿಂದ 12ನೇ ತರಗತಿಯವರಿಗೆ ಇಂಥ ಪ್ರೋಗ್ರಾಮಿಂಗ್ ಕಲಿಸುತ್ತದೆ. ನೇಕಾರರ ಇದೇ ಜಿಲ್ಲೆಯ ಬೀಳಗಿ, ಮುಧೋಳ, ಜಮಖಂಡಿಯ ಪ್ರತಿ ಪ್ರೌಢಶಾಲೆಗೂ ಇಂಥ ಬೋರ್ಡು ಬರಲಿ.